ತಡದ ಬೂದಿ

ನಮ್ಮ ಊರಿನಲ್ಲಿ ತಡವಾದ ದಿನ ಸುಮ್ಮನೆ ಕಳೆದುಹೋಗುವುದಿಲ್ಲ. ಅದು ಯಾರದಾದರೂ ಮೈಯೊಳಗೆ ಹೋಗಿ ಕೂರಬೇಕು. ಒಂದು ದಿನ ತಡವಾದರೆ ಒಂದು ವರ್ಷ, ಏಳು ದಿನ ತಡವಾದರೆ ಏಳು ವರ್ಷ. ಯಾರ ಮೈಯೊಳಗೆ ಎನ್ನುವುದನ್ನು ಊರ ನಡುವಿನ ಚೌಕದಲ್ಲಿ, ಸುಡುವ ಮಧ್ಯಾಹ್ನದಲ್ಲಿ, ಎಲ್ಲರ ಎದುರಿಗೆ ತೀರ್ಮಾನ ಮಾಡುತ್ತಾರೆ. ಆಮೇಲೆ ಅವನನ್ನು ಚಪ್ಪಡಿಯ ಮೇಲೆ ಕೂರಿಸಿ ತಲೆಗೆ ಬೂದಿ ಇಡುತ್ತಾರೆ. ಒಂದು ಚಿಟಿಕೆಗೆ ಒಂದು ವರ್ಷ. ಇಟ್ಟ ಗಳಿಗೆಯಲ್ಲೇ ಕೂದಲು ನರೆಯುತ್ತದೆ, ಬೆನ್ನು ಬಾಗುತ್ತದೆ, ಹಲ್ಲು ಸಡಿಲಾಗುತ್ತದೆ.

ಬೂದಿ ಇಡುವವಳು ನಾನು. ನನ್ನ ತಾಯಿ ಇಡುತ್ತಿದ್ದಳು, ಅವಳ ತಾಯಿ ಇಡುತ್ತಿದ್ದಳು. ಊರವರು ನನ್ನನ್ನು ಆಯಿ ಅನ್ನುತ್ತಾರೆ. ಪ್ರೀತಿಗೆ ಹಾಗನ್ನುತ್ತಾರೆಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಚೌಕದ ಒಂದು ಬದಿಗೆ ಸುಣ್ಣ ಕಾಣದ ಉದ್ದನೆಯ ಗೋಡೆಯಿದೆ. ಊರಿನ ಯಾವ ಕೆಲಸವಾದರೂ ಶುರುವಾಗುವುದು ಅಲ್ಲಿ. ಕೆಲಸ ಹಿಡಿದವನು ಕೆಮ್ಮಣ್ಣಿನ ನೀರಿನಲ್ಲಿ ಕೈ ಅದ್ದಿ ಗೋಡೆಗೆ ಅಂಗೈ ಒತ್ತುತ್ತಾನೆ. ಮರುದಿನದಿಂದ ನಾನು ಆ ಅಂಗೈಯ ಪಕ್ಕದಲ್ಲಿ ದಿನಕ್ಕೊಂದು ಸುಣ್ಣದ ಗೆರೆ ಎಳೆಯುತ್ತೇನೆ. ಬಾಗಿಲು ಮಾಡುವುದಕ್ಕೆ ಒಂಬತ್ತು ಗೆರೆ. ಒಂಬತ್ತರೊಳಗೆ ಬಾಗಿಲು ನಿಂತರೆ ಗೆರೆಗಳನ್ನು ಅಳಿಸುತ್ತೇನೆ. ಹತ್ತನೆಯ ಗೆರೆ ಬಿದ್ದಿತೋ, ಅಲ್ಲಿಂದ ಬೂದಿಯ ಲೆಕ್ಕ.

ಕೆಮ್ಮಣ್ಣು ಕಲಸುವುದು ನನ್ನ ಕೆಲಸ. ಗೆರೆ ಎಳೆಯುವುದು ನನ್ನ ಕೆಲಸ. ಗೆರೆ ಎಣಿಸುವುದು ಊರ ಹಿರಿಯನ ಕೆಲಸ. ತಡ ಯಾರದು ಎಂದು ಹೆಸರು ಹೇಳುವುದು ಕೆಲಸ ಮಾಡಿಸುವ ಧಣಿಯ ಕೆಲಸ. ಹೇಳಿದ ತಲೆಯ ಮೇಲೆ ಬೂದಿ ಇಡುವುದು ಮತ್ತೆ ನನ್ನ ಕೆಲಸ. ಇಷ್ಟು ಅಚ್ಚುಕಟ್ಟಾಗಿ ಹಂಚಿಕೊಂಡ ಮೇಲೆ ಪಾಪ ಯಾರ ಪಾಲಿಗೂ ಬರುವುದಿಲ್ಲ ಎಂದು ನಾವೆಲ್ಲ ನೆಮ್ಮದಿಯಿಂದ ಉಣ್ಣುತ್ತಿದ್ದೆವು.

ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಗಾಳಿ ಬರುತ್ತದೆ. ಬರುವ ದಿನವೂ ಗೊತ್ತು, ಹೋಗುವ ದಿನವೂ ಗೊತ್ತು. ಬಾಗಿಲಿಲ್ಲದ ಮನೆಯಲ್ಲಿ ಗಾಳಿಯ ದಿನಗಳಲ್ಲಿ ಒಲೆ ಉರಿಯುವುದಿಲ್ಲ, ತೊಟ್ಟಿಲಿನ ಮಗು ಉಸಿರಿಗೆ ಒದ್ದಾಡುತ್ತದೆ. ಒಂದು ಗಾಳಿಗೆ ಬಾಗಿಲು ಸವೆದುಹೋಗುವುದರಿಂದ ಪ್ರತಿ ಗಾಳಿಗೂ ಹೊಸ ಬಾಗಿಲು ಬೇಕು. ಬಾಗಿಲಿನ ಕೆಲಸಕ್ಕೆಲ್ಲ ಒಬ್ಬ ಧಣಿ. ಕಾಡಿನಿಂದ ಕಟ್ಟಿಗೆ ತರಿಸುವವನು ಅವನು, ಮನೆಮನೆಗೆ ಮಾತು ಕೊಡುವವನು ಅವನು. ಅಷ್ಟೂ ಮನೆಗೆ ಬಾಗಿಲು ಮಾಡುವವನು ಬಡಿಗ.

ಧಣಿಗೆ ಇಲ್ಲ ಎನ್ನುವ ಮಾತು ಬಾಯಿಗೇ ಬರುತ್ತಿರಲಿಲ್ಲ. ಯಾರು ಕೇಳಿದರೂ, ಎಷ್ಟು ಕೇಳಿದರೂ, "ಆಕೈತಿ, ಆಕೈತಿ" ಅನ್ನುತ್ತಿದ್ದ. ಹಾಗೆಂದು ಮನೆಗೆ ಹೋಗಿ ಮೊದಲು ಬಂದ ಕಟ್ಟಿಗೆಯನ್ನೆಲ್ಲ ತನ್ನ ಮನೆಗೆ ಇಳಿಸಿಕೊಳ್ಳುತ್ತಿದ್ದ. ಅವನ ಮನೆಗೆ ಇಪ್ಪತ್ತೊಂದು ಬಾಗಿಲು, ಒಂದರ ಹಿಂದೆ ಒಂದು. ಪ್ರತಿ ಗಾಳಿಗೆ ಇನ್ನೊಂದು ಸೇರುತ್ತಿತ್ತು. ಅಷ್ಟು ಬಾಗಿಲುಗಳ ಆಚೆ ಏನಿದೆಯೆಂದು ಯಾರೂ ನೋಡಿರಲಿಲ್ಲ. ಇನ್ನೂ ಬಾಗಿಲೇ ಇದ್ದವೋ ಏನೋ.

ಬಡಿಗ ಮೊದಲ ಸಲ ಗೋಡೆಯ ಮುಂದೆ ಬಂದು ನಿಂತಾಗ ಅವನಿಗೆ ಇಪ್ಪತ್ತಾರು. ಕೈ ಅಗಲ, ಮಾತು ಕಡಿಮೆ. ನಾನು ಕೆಮ್ಮಣ್ಣಿನ ಬಟ್ಟಲು ಹಿಡಿದು ನಿಂತಿದ್ದೆ. ಅವನು ಸುತ್ತ ನೋಡಿ ಕಟ್ಟಿಗೆ ಎಲ್ಲಿ ಎಂದು ಕೇಳಿದ.

"ಕೈ ಒತ್ತು ತಮ್ಮಾ. ಕಟ್ಟಿಗಿ ದಾರ್ಯಾಗ ಐತಿ," ಎಂದ ಧಣಿ.

ಕಟ್ಟಿಗೆ ಕಣ್ಣಾರೆ ಕಂಡ ಮೇಲೆ ಒತ್ತುತ್ತೇನೆ ಅನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗೆಂದರೆ ಧಣಿಯ ಮಾತಿನ ಮೇಲೆ ಅನುಮಾನ ಪಟ್ಟ ಹಾಗೆ. ಯಾರೂ ಅಂದದ್ದಿಲ್ಲ. ಬಡಿಗನೂ ಅನ್ನಲಿಲ್ಲ. ಕೈ ಅದ್ದಿ ಒತ್ತಿದ. ಐದೂ ಬೆರಳು ಚೆನ್ನಾಗಿ ಮೂಡಿದವು.

ಕಟ್ಟಿಗೆ ಬಂದದ್ದು ಏಳನೆಯ ಗೆರೆಯ ದಿನ. ಬಡಿಗ ಉಳಿ ಹಿಡಿದು ಕೂತವನು ಏಳಲೇ ಇಲ್ಲ. ಒಂಬತ್ತು ದಿನದ ಕೆಲಸವನ್ನು ಒಂಬತ್ತು ದಿನದಲ್ಲೇ ಮಾಡಿದ. ಗೋಡೆಯ ಮೇಲೆ ಹದಿನಾರು ಗೆರೆ ಇದ್ದವು.

ಚೌಕದಲ್ಲಿ ಊರು ಸೇರಿತು. ಹಿರಿಯ ಗೆರೆ ಎಣಿಸಿದ. ಮೂರು ಸಲ ಕೇಳಿದ. ಈ ತಡ ಯಾರದು? ಈ ತಡ ಯಾರದು? ಈ ತಡ ಯಾರದು?

ಧಣಿ ನಿಟ್ಟುಸಿರು ಬಿಟ್ಟು ಬಡಿಗನ ಭುಜದ ಮೇಲೆ ಕೈಯಿಟ್ಟ. "ಬಡಿಗಂದು. ಹೊಸಾ ಹುಡುಗ, ಇನ್ನ ಕಲಿಯಾಕತ್ತಾನ. ಸಿಟ್ಟಾಗಬ್ಯಾಡ್ರಿ."

"ಕಟ್ಟಿಗಿ ಬಂದದ್ದ ಏಳನೇ ದಿನಕ್ಕರೀ," ಎಂದ ಬಡಿಗ.

ಹಿರಿಯ ಕೆಟ್ಟವನಲ್ಲ. ಆದರೆ ಅವನು ಮನುಷ್ಯರನ್ನು ಬಿಟ್ಟು ಗೋಡೆಯನ್ನು ನಂಬಿದವನು. "ಗೋಡಿ ಮ್ಯಾಲಿನ ಅಂಗೈ ನಿಂದ ಹೌದೋ ಅಲ್ಲೋ?" ಎಂದು ಕೇಳಿದ.

"ನಂದ ಹೌದ್ರಿ."

"ಮತ್ತ ಮುಗೀತು."

ನಾನು ಏಳು ಚಿಟಿಕೆ ಇಟ್ಟೆ. ಮೂವತ್ತಮೂರರವನಾಗಿ ಎದ್ದು ನಿಂತ. ಅಂಥಾ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು, ಅಷ್ಟೆ. ಧಣಿ ಎಲ್ಲರಿಗೂ ಬೆಲ್ಲ ಹಂಚಿದ.

ಆಮೇಲೆ ಅದೇ ಆಯಿತು. ಗಾಳಿಗೆ ಮೊದಲು ಬಡಿಗ ಬರುತ್ತಿದ್ದ. ಕಟ್ಟಿಗಿ ದಾರ್ಯಾಗ ಐತಿ ಎಂದು ಧಣಿ ಅನ್ನುತ್ತಿದ್ದ. ಬಡಿಗ ಒತ್ತುತ್ತಿದ್ದ, ನಾನು ಗೆರೆ ಎಳೆಯುತ್ತಿದ್ದೆ, ಹಿರಿಯ ಕೇಳುತ್ತಿದ್ದ, ಧಣಿ ಹೇಳುತ್ತಿದ್ದ, ನಾನು ಇಡುತ್ತಿದ್ದೆ. ಐದು ಚಿಟಿಕೆ. ಆರು ಚಿಟಿಕೆ. ನಾಲ್ಕು. ಮತ್ತೆ ಆರು. ಐದು ವರ್ಷದಲ್ಲಿ ಹತ್ತು ಗಾಳಿ ಬಂದುಹೋದವು. ಮೂವತ್ತೊಂದರ ಹರೆಯದ ಬಡಿಗ ಎಂಬತ್ತು ದಾಟಿದ ಮುದುಕನಾದ. ಕೈ ಮಾತ್ರ ಮೊದಲಿನಂತೆಯೇ ಕೆಲಸ ಮಾಡುತ್ತಿತ್ತು. ಅದು ಹೇಗೆಂದು ನನಗಿವತ್ತಿಗೂ ಗೊತ್ತಿಲ್ಲ. ಒಂಬತ್ತು ದಿನದ ಬಾಗಿಲುಗಳನ್ನು ಒಂಬತ್ತು ದಿನದಲ್ಲೇ ಮುಗಿಸುತ್ತಿದ್ದ.

ಹೊಸಬರು ಅವನ ಹೆಂಡತಿಯನ್ನು ಮೊಮ್ಮಗಳೆಂದು ತಿಳಿಯುತ್ತಿದ್ದರು. ಮೊದಮೊದಲು ಅವಳು ತಿದ್ದುತ್ತಿದ್ದಳು, ಆಮೇಲೆ ಬಿಟ್ಟಳು. ಧಣಿಗೆ ಅರವತ್ತು ತುಂಬಿತ್ತು, ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಬಡಿಗ ಚೌಕದ ಮೆಟ್ಟಿಲು ಹತ್ತಲಾರದೆ ನಿಂತಾಗ ಧಣಿಯೇ ತೋಳು ಹಿಡಿದು ಹತ್ತಿಸುತ್ತಿದ್ದ. ನೋಡಿದವರು ಎಂಥಾ ದೊಡ್ಡ ಮನಸ್ಸು ಎನ್ನುತ್ತಿದ್ದರು. ಅಂದವರ ಬಾಯಿಗೆ ಅದೇ ಬೂದಿ ತುಂಬಬೇಕು ಎಂದು ನನಗೆ ಅನಿಸುತ್ತಿತ್ತು. ಅನಿಸಿದ್ದನ್ನು ನುಂಗಿಕೊಂಡು ನಾನೂ ತಲೆಯಾಡಿಸುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಬಡಿಗನ ತಾಯಿ ನನ್ನ ಮನೆಗೆ ಬಂದಳು. ಅವಳಿಗೆ ಐವತ್ತೆರಡು. ಕೂತುಕೊಳ್ಳಲಿಲ್ಲ.

"ನಾ ಹಡದ ಮಗ ನನಗಿಂತ ಮುದುಕ ಆಗ್ಯಾನ," ಎಂದಳು. "ಅವನ ಮೊಣಕಾಲಿಗೆ ನಾ ಎಣ್ಣಿ ತಿಕ್ಕಾಕತ್ತೀನಿ. ಕಟ್ಟಿಗಿ ಯಾವಾಗ ಬರ್ತೈತಿ ಅನ್ನೂದು ದಿನಾ ಗೋಡಿ ಮುಂದ ಕುಂದ್ರೂ ನಿನಗ ಗೊತ್ತೈತಿ. ಹಿರೇರ ಮುಂದ ಒಂದ ಮಾತು ಹೇಳಬಾರದೇನ ಆಯಿ?"

"ನಾ ಗೆರಿ ಎಳಿಯಾಕಿ ಅಷ್ಟ ಯವ್ವಾ. ಮಾತಾಡಾಕ ನಾ ಯಾರು?"

ಅವಳು ಸೆರಗು ಹೊದ್ದುಕೊಂಡು ಹೊರಟಳು. ಬೈಯಲಿಲ್ಲ. ಅವಳು ಹೋದ ಮೇಲೆ ನಾನು ಕೈ ತೊಳೆದುಕೊಂಡು ರೊಟ್ಟಿ ತಟ್ಟಲು ಕೂತೆ. ರೊಟ್ಟಿ ಚೆನ್ನಾಗಿಯೇ ಬಂದವು.

ಹನ್ನೊಂದನೆಯ ಗಾಳಿಗೆ ಒಂದು ತಿಂಗಳಿರುವಾಗ ಬಡಿಗನೇ ಬಂದ. ಅವನ ಜೊತೆ ಮಗಳು ಬಂದಿದ್ದಳು. ಎಂಟು ವರ್ಷದವಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅವಳು ನನ್ನ ಅಂಗಳದ ಕೋಳಿಯ ಹಿಂದೆ ಓಡಿಹೋದಳು. ಅವನು ನನ್ನೆದುರು ಕೂತು ತಲೆ ಬಗ್ಗಿಸಿದ.

"ಆಯಿ, ಹತ್ತು ಸಲ ಈ ತಲಿ ಮುಟ್ಟೀದಿ. ಇನ್ನ ಎಷ್ಟು ತಡಕೋತೈತಿ ಹೇಳು."

ತಲೆ ಮುಟ್ಟಿದರೆ ನನಗೆ ತಿಳಿಯುತ್ತದೆ. ನಾನು ಸುಳ್ಳು ಹೇಳಬಹುದಿತ್ತು. "ಐದು ಚಿಟಿಕಿ. ಭಾಳ ಅಂದ್ರ ಆರು," ಎಂದೆ.

"ಅಂದ್ರ ಈ ಗಾಳಿ ಒಂದ."

"ಹೌದು ತಮ್ಮಾ."

ಅವನು ಅಂಗಳದ ಕಡೆ ನೋಡಿದ. "ಆಕಿ ದೊಡ್ಡಾಕಿ ಆಗೂದು ನೋಡಬೇಕಂತ ಆಸೆ ಐತಿ. ದಿನಾ ಒಂದೀಟು, ಒಂದೀಟು ಬೆಳೀತಾರಲ್ಲ, ಹಂಗ. ನನಗ ಬ್ಯಾರೇ ಏನೂ ಬ್ಯಾಡ." ಆಮೇಲೆ ನನಗೆ ಕೇಳಿಸಲೆಂದೋ ತನಗೇ ಕೇಳಿಸಲೆಂದೋ ಮೆಲ್ಲಗೆ ಹೇಳಿದ: "ಈ ಸಲ ನಾ ಒತ್ತೂದಿಲ್ಲ. ಕಟ್ಟಿಗಿ ಮುಟ್ಟಿ ಒತ್ತತೀನಿ."

ಇಷ್ಟು ಸರಳವಾದ ಮಾತು ನಮ್ಮ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದವರು ನಾಲಗೆ ಕಚ್ಚಿಕೊಂಡಿರಬೇಕು.

ಗೋಡೆಯ ದಿನ ಬಂತು. ಧಣಿ ಎಂದಿನಂತೆ ನಕ್ಕ. "ಕೈ ಒತ್ತು. ಕಟ್ಟಿಗಿ ದಾರ್ಯಾಗ ಐತಿ."

"ಬರ್ಲಿರೀ. ಬಂದ ಮ್ಯಾಲ ಒತ್ತತೀನಿ."

ಚೌಕದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಧಣಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು. ಅವನು ಸುಳ್ಳಿಗೂ ನಿಜವಾಗಿ ಅಳಬಲ್ಲವನು.

"ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?"

"ನಂಬಿಕಿ ಐತ್ರಿ. ವಯಸ್ಸು ಉಳದಿಲ್ಲ."

"ಇವನ್ನ ನಾ ಮಗನಂಗ ನೋಡಿದೆ," ಎಂದು ಧಣಿ ಸುತ್ತ ನಿಂತವರಿಗೆ ಹೇಳಿದ. ಅವರು ಲೊಚಗುಟ್ಟಿದರು. ಒಬ್ಬನಾದರೂ ಬಡಿಗನ ಪಕ್ಕಕ್ಕೆ ಹೋಗಿ ನಿಲ್ಲಲಿಲ್ಲ. ಬಡಿಗ ಒಣ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮನೆಗೆ ಹೋದ. ಗೋಡೆ ಹಾಗೇ ಉಳಿಯಿತು.

ಅದೇ ದಿನ ಇಳಿಹೊತ್ತಿಗೆ ಬಡಿಗನ ಮಗಳು ಚೌಕದಲ್ಲಿ ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದಳು. ಧಣಿ ಬಂದ. ನನ್ನ ಹತ್ತಿರ ಕೆಮ್ಮಣ್ಣಿನ ಬಟ್ಟಲು ಕೇಳಿದ. ನಾನು ಕೊಟ್ಟೆ. ಯಾಕೆಂದು ಕೇಳಲಿಲ್ಲ. ಅವನು ಮಗುವಿನ ಕೈಗೆ ಒಂದು ಉಂಡೆ ಬೆಲ್ಲ ಕೊಟ್ಟು ಮುಂದೆ ಕುಕ್ಕರಗಾಲಲ್ಲಿ ಕೂತ.

"ನಿಮ್ಮಪ್ಪಗ ಬಗ್ಗಾಕ ಆಗೂದಿಲ್ಲ. ಅವನ ಬದ್ಲಿ ನೀ ಒತ್ತತೀಯೇನ ಪುಟ್ಟವ್ವಾ? ಅಪ್ಪಗ ಮಾತ್ರ ಈಗ ಹೇಳಬ್ಯಾಡ, ಬಾಗಲಾ ನಿಂತ ಮ್ಯಾಲ ಹೇಳೂಣು."

ಅಪ್ಪನಿಗೆ ಆಗದ್ದನ್ನು ತಾನು ಮಾಡಬಹುದು ಎಂದು ಅವಳಿಗೆ ಖುಷಿಯೋ ಖುಷಿ. ಬೆಲ್ಲ ಬಾಯಿಗೆ ಹಾಕಿಕೊಂಡು ಕೈ ಅದ್ದಿದಳು. ಗೋಡೆಯ ಬುಡದಲ್ಲಿ, ನನ್ನ ಮೊಣಕಾಲಿನ ಎತ್ತರಕ್ಕೆ, ಒಂದು ಚಿಕ್ಕ ಅಂಗೈ ಮೂಡಿತು. ಒಂದು ಮನೆಯ ಯಾರ ಕೈಯಾದರೂ ಅದು ಆ ಮನೆಯ ಕೈ ಎಂದು ನಮ್ಮ ಕಟ್ಟಳೆ ಹೇಳುತ್ತದೆ. ಒತ್ತಿದವರ ತಲೆಗೇ ಬೂದಿ ಎಂದೂ ಅದೇ ಕಟ್ಟಳೆ ಹೇಳುತ್ತದೆ. ಧಣಿ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಗೆರಿ ತಪ್ಪಸಬ್ಯಾಡ ಆಯಿ" ಎಂದು ಹೇಳಿಹೋದ.

ನಾನು ತಪ್ಪಿಸಲಿಲ್ಲ. ಮರುದಿನ ಬಗ್ಗಿ ಒಂದು ಗೆರೆ ಎಳೆದೆ. ಅದರ ಮರುದಿನ ಇನ್ನೊಂದು. ಬಡಿಗ ದಿನಾ ಬಂದು ಗೋಡೆ ನೋಡುತ್ತಿದ್ದ, ತನ್ನ ಎದೆಯ ಮಟ್ಟದಲ್ಲಿ ಏನೂ ಇಲ್ಲದ್ದನ್ನು ಕಂಡು ಸಮಾಧಾನದಿಂದ ಹೋಗುತ್ತಿದ್ದ. ಅವನ ಕಣ್ಣು ಮಂಜಾಗಿದ್ದವು. ಮಂಜು ಮಾಡಿದವಳೂ ನಾನೇ. ಗೋಡೆಯ ಬುಡದಲ್ಲಿ ನೋಡು ಎನ್ನಲು ಮೂರು ಪದ ಸಾಕಿತ್ತು. ಪ್ರತಿ ದಿನ ಆ ಮೂರು ಪದವನ್ನು ನಾಳೆಗೆ ಇಟ್ಟುಕೊಂಡೆ. ನನ್ನ ಮೇಲೆ ನನಗೆ ಹೇಸಿಗೆ ಬಂದಿತ್ತು, ಆದರೂ ಸುಣ್ಣ ಕಲಸುವುದನ್ನು ಬಿಡಲಿಲ್ಲ.

ಕಟ್ಟಿಗೆ ಹನ್ನೆರಡು ಗೆರೆ ಬಿದ್ದ ಮೇಲೆ ಬಂತು. ಬಡಿಗ ಒಂದೊಂದು ಹಲಗೆಯನ್ನೂ ಮುಟ್ಟಿ ನೋಡಿ, ಆಮೇಲೆ ಬಂದು ಕೈ ಅದ್ದಿ ಅಂಗೈ ಒತ್ತಿದ. ಒಂಬತ್ತನೆಯ ದಿನ ಬಾಗಿಲುಗಳು ನಿಂತವು. ಅವನ ಅಂಗೈಯ ಪಕ್ಕದಲ್ಲಿ ಒಂಬತ್ತೇ ಗೆರೆ. ಕೆಳಗೆ, ಮೊಣಕಾಲಿನ ಎತ್ತರದಲ್ಲಿ, ಇಪ್ಪತ್ತೊಂದು.

ಚೌಕದಲ್ಲಿ ಊರು ಸೇರಿದಾಗ ಬಡಿಗ ಮೊದಲ ಸಲ ಮುಂದಿನ ಸಾಲಿನಲ್ಲಿ ನಿಂತಿದ್ದ. ಮಗಳನ್ನೂ ಕರೆತಂದಿದ್ದ. ಹಿರಿಯ ಮೇಲಿನ ಗೆರೆ ಎಣಿಸಿ, "ಒಂಬತ್ತು. ತಡ ಇಲ್ಲ," ಎಂದ. ಬಡಿಗ ಕಣ್ಣು ಮುಚ್ಚಿಕೊಂಡ.

"ಬಗ್ಗಿ ನೋಡ್ರಿ ಹಿರೇರ," ಎಂದ ಧಣಿ.

ಹಿರಿಯ ಬಗ್ಗಿದ. ಬಹಳ ಹೊತ್ತು ಎಣಿಸಿದ. ಎದ್ದು ನಿಂತಾಗ ಅವನ ಮುಖ ಬಿಳಿಚಿತ್ತು, ಆದರೆ ಅವನಿಗೆ ಗೋಡೆಯ ಹೊರತು ಬೇರೆ ದಿಕ್ಕಿರಲಿಲ್ಲ. ಮೂರು ಸಲ ಕೇಳಿದ. ಈ ತಡ ಯಾರದು?

"ಬಡಿಗನ ಮಗಳದು," ಎಂದ ಧಣಿ.

ಬಡಿಗನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಮೊಣಕಾಲೂರಿ ಗೋಡೆಯ ಬುಡವನ್ನು ಕೈಯಿಂದ ತಡವಿದ. ಬೆರಳು ಆ ಚಿಕ್ಕ ಅಂಗೈಯ ಮೇಲೆ ಬಂದು ನಿಂತಿತು.

"ನನ್ನ ತಲಿಗೆ ಹಾಕ್ರಿ," ಎಂದ. "ಎಲ್ಲಾ ನನಗ ಹಾಕ್ರಿ. ಆಕಿ ಕೂಸು."

"ಅಂಗೈ ನಿಂದಲ್ಲ," ಎಂದ ಹಿರಿಯ.

ಧಣಿ ಬಡಿಗನ ಪಕ್ಕದಲ್ಲಿ ಬಗ್ಗಿ ಸಮಾಧಾನ ಹೇಳಿದ. "ಹನ್ನೆರಡ ಚಿಟಿಕಿ ಅಲ್ಲ? ಆಕಿಗೆ ಇಪ್ಪತ್ತಾಕೈತಿ. ಒಳ್ಳೆ ವಯಸ್ಸು. ಮುದುಕ್ರಿಗಾದ್ರ ತ್ರಾಸು, ಮಕ್ಕಳಿಗೇನೂ ಆಗೂದಿಲ್ಲ."

ಮಗು ತಾನಾಗಿಯೇ ಹೋಗಿ ಚಪ್ಪಡಿಯ ಮೇಲೆ ಕೂತಳು. ಬಿಸಿಲಿಗೆ ಕಾದ ಕಲ್ಲು, ಲಂಗವನ್ನು ಕೆಳಗೆ ಮಡಚಿಕೊಂಡಳು. ನಾನು ಬೂದಿಯ ತಟ್ಟೆ ಹಿಡಿದು ಅವಳ ಮುಂದೆ ನಿಂತೆ. ಅವಳು ತಲೆಯೆತ್ತಿ ನೋಡಿ, "ಆಯಿ, ಕಣ್ಣಾಗ ಬೀಳತೈತೇನು? ಕಣ್ಣ ಮುಚ್ಚಲೇನು?" ಎಂದಳು.

"ಮುಚ್ಚವ್ವಾ," ಎಂದೆ.

ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಮುಖವೆಲ್ಲ ಸುಕ್ಕಾಯಿತು. ನನ್ನ ಕೈ ಚಿಟಿಕೆ ಹಿಡಿದು ಅವಳ ತಲೆಯವರೆಗೆ ಹೋಯಿತು. ಎಷ್ಟೋ ತಲೆಗಳ ಮೇಲೆ ಹೋದ ಹಾಗೆಯೇ ಹೋಯಿತು, ನಡುಗಲಿಲ್ಲ. ಅದಕ್ಕೇ ನನಗೆ ಭಯವಾದದ್ದು. ಈ ಕೈ ಯಾರನ್ನೂ ಕೇಳುವುದಿಲ್ಲ, ನನ್ನನ್ನೂ ಕೇಳುವುದಿಲ್ಲ ಎಂದು ಭಯವಾಯಿತು. ಅದನ್ನು ಹಿಂದಕ್ಕೆಳೆದುಕೊಂಡೆ. ತಿರುಗಿದೆ. ಧಣಿ ನಾಲ್ಕು ಹೆಜ್ಜೆ ದೂರದಲ್ಲಿ, ಬಡಿಗನ ಪಕ್ಕದಲ್ಲಿ ಇನ್ನೂ ಬಗ್ಗಿಯೇ ಇದ್ದ. ಹೋಗಿ ಅವನ ರುಮಾಲು ತೆಗೆದು ನೆಲಕ್ಕೆ ಹಾಕಿದೆ. ತಲೆಯ ಮೇಲೆ ಒಂದು ಚಿಟಿಕೆ ಇಟ್ಟೆ.

ಅವನ ತಲೆ ಮೆತ್ತಗಿತ್ತು, ಬೆಚ್ಚಗಿತ್ತು. ಯಾವತ್ತೂ ಯಾರೂ ಮುಟ್ಟದ ತಲೆ.

"ಹುಚ್ಚಿ ಮುದಿಕಿ," ಎಂದು ಧಣಿ ನಕ್ಕ. "ನನ್ನ ಹೆಸರ ಯಾರ ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಆಕಾಶ ಬೀಳುತ್ತದೆ ಎಂದುಕೊಂಡೆ, ಬೀಳಲಿಲ್ಲ. ಹಿರಿಯ ಗೋಡೆಯ ಕಡೆಗೆ ತಿರುಗಿ ನಿಂತ. ನನ್ನ ಕೈ ಹಿಡಿಯಲು ಯಾರೂ ಬರಲಿಲ್ಲ. ಧಣಿಯ ಕಿವಿಯ ಹತ್ತಿರ ಕೂದಲು ಬೆಳ್ಳಗಾಯಿತು. ಎರಡನೆಯ ಚಿಟಿಕೆ ಇಟ್ಟೆ. ಮೂರನೆಯದು. ನಾಲ್ಕನೆಯದಕ್ಕೆ ಅವನ ನಗು ನಿಂತಿತು. ಏಳನೆಯದಕ್ಕೆ ಏಳಲು ನೋಡಿದ, ಮೊಣಕಾಲು ಏಳಲಿಲ್ಲ. ಹನ್ನೆರಡನೆಯದಕ್ಕೆ ಅವನು ನೆಲದ ಮೇಲೆ ಕೂತು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಬೂದಿಗೆ ಅವನು ಬೇರೆ, ಬಡಿಗ ಬೇರೆ ಎಂದು ಗೊತ್ತೇ ಇರಲಿಲ್ಲ.

ಜನ ಮೆಲ್ಲಗೆ ಚದುರಿದರು. ಕೆಲವರು ನನ್ನ ಕಾಲು ಮುಟ್ಟಿ ಹೋದರು. ಬೂದಿಯಿಂದ ಹಣ್ಣಾಗಿದ್ದ ಇಬ್ಬರು ಮೂವರು ಕೂಲಿಗಳು ತಲೆ ಮುಂದೆ ಮಾಡಿ ನಿಂತರು, ತಮ್ಮ ವರ್ಷಗಳನ್ನು ಕೆಳಗಿಳಿಸುತ್ತೇನೇನೋ ಎಂದು. ಇಳಿಸುವ ಬೂದಿ ನನ್ನ ಹತ್ತಿರ ಇರಲಿಲ್ಲ. ಹಾಗೆಂದು ಹೇಳಿದೆ.

ಕೊನೆಗೆ ಬಡಿಗ ಬಂದ. ಮಗಳು ಅವನ ಕೈ ಹಿಡಿದಿದ್ದಳು. ಕಣ್ಣು ಯಾವಾಗ ತೆರೆಯಬೇಕೆಂದು ಯಾರೂ ಹೇಳಲಿಲ್ಲವೆಂದು ಅವಳಿಗೆ ಸಿಟ್ಟು ಬಂದಿತ್ತು. ಅವನು ನನ್ನ ಬೆರಳುಗಳನ್ನೇ ನೋಡಿದ.

"ಆಯಿ," ಎಂದ. "ಅವನ ತಲಿಗೆ ಹಾಕೂದು ಮೊದಲಿಂದನೂ ಆಗತಿತ್ತೇನು?"

ಈ ಸಲ ಸುಳ್ಳು ಹೇಳಬೇಕು ಎನಿಸಿತು.

"ಆಗತಿತ್ತು ತಮ್ಮಾ."

ಅವನು ತಲೆಯಾಡಿಸಿದ. "ನಡಿ," ಎಂದು ಮಗಳಿಗೆ ಹೇಳಿದ. ಅವರ ಮನೆ ಚೌಕದಿಂದ ಹತ್ತು ಮನೆ ಆಚೆ. ನಾನು ಚಪ್ಪಡಿಯ ಮೇಲೆ ಕೂತು ನೋಡುತ್ತಿದ್ದೆ. ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ, ಉಸಿರು ತೆಗೆದುಕೊಂಡು ಇನ್ನೊಂದು ಇಡುತ್ತಿದ್ದ. ಅವರು ಬಾಗಿಲು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು.